ಮಗ ಸಭಾಪಾಲಕನಾಗುತ್ತೇನೆ ಅಂತಿದ್ದಾನೆ, ತಾಯಿಯಾಗಿ ನಾನೇನು ಹೇಳಲಿ?

ಪ್ರಶ್ನೆ: ನಾನು ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅಜ್ಜನ ಕಾಲದಿಂದಲೂ ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮನೆತನ. ಮಗನಿಗೆ 26 ವರ್ಷ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ತೋರಣಗಲ್ಲಿನ ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಅವನ ರೂಮಿನಲ್ಲಿರುವ ಮಿಜೋರಾಂ ಹುಡುಗ ಪ್ರೆಸ್ಬಿಟೇರಿಯನ್ ಸಭೆಯವನು, ಬಹಳ ಒಳ್ಳೆಯವನು. ಹೋದ ಈಸ್ಟರ್ ಮುಗಿಸಿ ಬಂದವನೇ ಮಗ, 'ಅಮ್ಮ, ದೇವರು ನನ್ನನ್ನು ಸೇವೆಗೆ ಕರೆದಿದ್ದಾನೆ, ಕೆಲಸ ಬಿಟ್ಟು ಪ್ರೆಸ್ಬಿಟೇರಿಯನ್ ಪಾಸ್ಟರ್ ಆಗುತ್ತೇನೆ' ಅಂದ. ನನ್ನ ಅಣ್ಣ, 'ಅದು ಯಾವುದೋ ಹೊಸ ಪಂಗಡ, ಮದುವೆ ಇಲ್ಲ ಮಕ್ಕಳಿಲ್ಲ, ಒಳಗೆ ಹೋದರೆ ಹೊರಗೆ ಬರೋಕಾಗಲ್ಲ' ಅಂತಾನೆ. ಪಕ್ಕದ ಮನೆಯವರು ಫಾರಿನ್ ದುಡ್ಡು ಬರುತ್ತೆ ಬಿಡಿ ಅಂತಾರೆ. ಮನೆ ಸಾಲ ಇನ್ನೂ ಆರು ವರ್ಷ ಕಟ್ಟಬೇಕು, ಕಂತು ಕಟ್ಟುವವನು ಅವನೇ. ಮಗಳು ಬಿ.ಇಡಿ. ಓದುತ್ತಿದ್ದಾಳೆ. ಬೇಡ ಅಂದರೆ ದೇವರಿಗೆ ಅಡ್ಡ ಬಂದಂತೆ ಆಗುತ್ತದೆಯೇ ಎಂಬ ಭಯ, ಆಗಲಿ ಅಂದರೆ ನಾಳೆ ಹೇಗೆ ಎಂಬ ಭಯ. ದಾರಿ ಹೇಳಿ.

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ತಾಯಿ ಅಕ್ಷರ ಕಲಿತವರಲ್ಲ. ಕಲಿತಿದ್ದರೆ ಅವರೂ ಇಂಥದ್ದೇ ಪತ್ರ ಬರೆಯುತ್ತಿದ್ದರೇನೋ. ಮೂವತ್ತಾರು ವರ್ಷ ಬಳ್ಳಾರಿ ಸೀಮೆಯ ಸಭೆಗಳಲ್ಲಿ ಸಭಾಪಾಲಕನಾಗಿ, ಅಂದರೆ ಪಾಸ್ಟರಾಗಿ, ದುಡಿದು ನಿವೃತ್ತನಾದವನು ನಾನು. ಸೇವೆಗೆ ಬರಬೇಕೆನ್ನುವ ಹುಡುಗ ಹುಡುಗಿಯರ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದೇ ಈಗ ನನ್ನ ಕೆಲಸ. ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮಗ ಹೊರಟಿರುವ ದಾರಿ ಸರಿಯೇ ಎಂಬುದು ಒಂದು, ಮನೆ ನಡೆಯುವುದು ಹೇಗೆ ಎಂಬುದು ಇನ್ನೊಂದು. ಎರಡನ್ನೂ ಬಿಡಿಸಿ ನೋಡೋಣ.

ನಿಮ್ಮ ಅಣ್ಣನ ಮಾತನ್ನು ಮೊದಲು ಮುಗಿಸುತ್ತೇನೆ. ಬಳ್ಳಾರಿಯಲ್ಲಿ ಕಥೋಲಿಕ ಧರ್ಮಪ್ರಾಂತ್ಯವೂ ಇದೆ, ಅಲ್ಲಿನ ಫಾದರ್‌ಗಳು ಮದುವೆಯಾಗುವುದಿಲ್ಲ. ಜನ ಅವರನ್ನೂ ಸಭಾಪಾಲಕರನ್ನೂ ಒಂದೇ ಎಂದುಕೊಳ್ಳುತ್ತಾರೆ. ಪ್ರೆಸ್ಬಿಟೇರಿಯನ್ ಸಭೆಯೂ ಸೇರಿ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸಭಾಪಾಲಕರು ಸಂಸಾರಿಗಳು. ಪ್ರೆಸ್ಬಿಟೇರಿಯನ್ ಪರಂಪರೆಯ ಮೂಲಪುರುಷ ಕ್ಯಾಲ್ವಿನ್ ಮದುವೆಯಾಗಿದ್ದರು, ಸ್ಕಾಟ್ಲೆಂಡಿನಲ್ಲಿ ಅದನ್ನು ಬೇರೂರಿಸಿದ ಜಾನ್ ನಾಕ್ಸ್ ಕೂಡ ಮದುವೆಯಾಗಿದ್ದರು. ಸ್ಕಾಟ್ಲೆಂಡಿನ ಸಭೆ ಪೋಪರ ಅಧಿಕಾರದಿಂದ ಬೇರೆಯಾದ ಸುಧಾರಣೆ ನಡೆದದ್ದು 1560ರಲ್ಲಿ. ಅಂದರೆ ಈ 'ಹೊಸ ಪಂಗಡ'ಕ್ಕೆ ನಾನೂರ ಅರವತ್ತು ವರ್ಷಕ್ಕೂ ಹೆಚ್ಚು ವಯಸ್ಸು. ಒಳಗೆ ಹೋದರೆ ಹೊರಗೆ ಬರಲಾಗದು ಎಂಬುದೂ ನಿಜವಲ್ಲ. ರಾಜೀನಾಮೆ ಕೊಟ್ಟು ಶಾಲೆಗೆ, ಬ್ಯಾಂಕಿಗೆ ಹೋದವರನ್ನು ನಾನು ಬಲ್ಲೆ. ಹೊರಗೆ ಬಂದವರಿಗೆ ಸಭೆಯ ಜನರ ಮಾತು ಚುಚ್ಚುತ್ತದೆ. ಆ ನೋವು ಮಾತ್ರ ಉಂಟು.

ಇನ್ನೊಂದು ವಿಷಯ ನಿಮ್ಮ ಅಣ್ಣನಿಗೂ ಮಗನಿಗೂ ತಿಳಿದಿರಲಿಕ್ಕಿಲ್ಲ. ನಿಮ್ಮ ಸಭೆಯ ರಕ್ತದಲ್ಲೇ ಪ್ರೆಸ್ಬಿಟೇರಿಯನ್ ಅಂಶ ಇದೆ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಅವರ ಜೊತೆಗಾರ ವಿಲಿಯಂ ರೀವ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಆ ಮಿಷನ್ನಿನವರು ಹೆಚ್ಚಾಗಿ ಕಾಂಗ್ರಿಗೇಷನಲ್ ಪಂಥದವರು, ಅಂದರೆ ಪ್ರತಿ ಸಭೆಯೂ ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳಬೇಕು ಎನ್ನುವವರು. 1908ರಲ್ಲಿ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾಯಿತು. ಅದು ಇಂಗ್ಲೆಂಡ್ ಸಭೆಯ ಪರಂಪರೆಯ ಆಂಗ್ಲಿಕನ್ನರ ಮತ್ತು ಮೆಥೋಡಿಸ್ಟರ ಜೊತೆ ಸೇರಿ 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. ಆಯಿತು. ಹಾಗೆ ಒಂದಾದಾಗ ಬಿಷಪ್ ಪದವಿ ಆಂಗ್ಲಿಕನ್ನರ ಕಡೆಯಿಂದ ಬಂತು. ನಮ್ಮ ಸಭಾಪಾಲಕರನ್ನು ಕಾಗದಪತ್ರದಲ್ಲಿ 'ಪ್ರೆಸ್ಬಿಟರ್' ಎಂದು ಬರೆಯುತ್ತೇವಲ್ಲ, ಆ ಪದವೂ ಪ್ರೆಸ್ಬಿಟೇರಿಯನ್ ಎಂಬ ಪದವೂ ಒಂದೇ ಗ್ರೀಕ್ ಬೇರಿನಿಂದ ಬಂದವು. ಪ್ರೆಸ್ಬಿಟರೋಸ್ ಅಂದರೆ ಹಿರಿಯ.

ಈ 'ಹಿರಿಯ' ಎಂಬ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ನಿಮ್ಮ ಮಗ ಯೋಚಿಸದೆ ಬಿಟ್ಟಿರುವುದು ಇಲ್ಲೇ ಇದೆ. ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಸಭೆಯನ್ನು ಒಬ್ಬ ಪಾಸ್ಟರ್ ನಡೆಸುವುದಿಲ್ಲ, ಹಿರಿಯರ ಮಂಡಳಿ ನಡೆಸುತ್ತದೆ. ವಾಕ್ಯ ಬೋಧಿಸಲು ದೀಕ್ಷೆ ಪಡೆದ ಹಿರಿಯ ಸಭಾಪಾಲಕ. ಉಳಿದ ಹಿರಿಯರು ಊರಿನ ಸಾಧಾರಣ ಜನ, ರೈತ, ಗುಮಾಸ್ತ, ಅಂಗಡಿಯವರು. ಸಭೆಯವರೇ ಓಟು ಹಾಕಿ ಅವರನ್ನು ಆರಿಸುತ್ತಾರೆ. ಹಲವು ಸಭೆಗಳ ಸಭಾಪಾಲಕರೂ ಹಿರಿಯರೂ ಸೇರಿದರೆ ಪ್ರೆಸ್ಬಿಟರಿ, ಅದರ ಮೇಲೆ ಸಿನೊಡ್, ಅದರ ಮೇಲೆ ಮಹಾಸಭೆ. ಸಭಾಪಾಲಕನಿಗೆ ದೀಕ್ಷೆ ಕೊಡುವುದು ಪ್ರೆಸ್ಬಿಟರಿ, ತಪ್ಪು ಮಾಡಿದರೆ ಕರೆದು ಕೇಳುವುದೂ ಅದೇ. ಹಾಗಾಗಿ ಕರೆ ಎಂಬುದು ಒಬ್ಬನ ಕಿವಿಗೆ ಬಿದ್ದರೆ ಸಾಲದು, ಸಭೆಯ ಕಿವಿಗೂ ಬೀಳಬೇಕು ಎಂಬುದು ಈ ಪರಂಪರೆಯ ಮೂಲ ತಿಳುವಳಿಕೆ. 'ದೇವರು ಕರೆದಿದ್ದಾನೆ' ಎಂದು ಮಗ ಹೇಳಿದರೆ, 'ನಿನ್ನಲ್ಲಿ ಆ ಕರೆ ಕಂಡವರು ಇನ್ಯಾರು?' ಎಂದು ಕೇಳುವ ಹಕ್ಕು ನಿಮಗಿದೆ. ಪ್ರೆಸ್ಬಿಟೇರಿಯನ್ನರೇ ಅವನನ್ನು ಕೇಳುವ ಮೊದಲ ಪ್ರಶ್ನೆ ಅದು.

ನನ್ನದೇ ಒಂದು ಘಟನೆ ಹೇಳುತ್ತೇನೆ. ಮೊದಲ ಸಭೆಯಲ್ಲಿ ನನ್ನ ಜೊತೆಗಿದ್ದ ಹಿರಿಯರೊಬ್ಬರು ಎಪಿಎಂಸಿಯಲ್ಲಿ ಹಮಾಲರು. ಓದು ಬರಹ ಇಲ್ಲ. ನನ್ನ ಮೊದಲ ಭಾನುವಾರ, ಕಾಲೇಜಿನಿಂದ ಹೊಸದಾಗಿ ಬಂದ ಹುರುಪಿನಲ್ಲಿ 'ಕೃಪೆ' ಎಂಬ ಪದದ ಗ್ರೀಕ್ ಮೂಲ ಬಿಡಿಸಿ ನಲವತ್ತು ನಿಮಿಷ ಪ್ರಸಂಗ, ಅಂದರೆ ವಾಕ್ಯ ಬೋಧನೆ, ಮಾಡಿದೆ. ಆರಾಧನೆ ಮುಗಿದ ಮೇಲೆ ಅವರು ಕಾಣಿಕೆ ಚೀಲದ ಚಿಲ್ಲರೆಯನ್ನು ಮೇಜಿನ ಮೇಲೆ ಸುರಿದು, ಐದರ ನಾಣ್ಯ ಬೇರೆ, ಹತ್ತರ ನಾಣ್ಯ ಬೇರೆ ಗುಡ್ಡೆ ಮಾಡುತ್ತಾ, ತಲೆ ಎತ್ತದೆ ಹೇಳಿದರು: 'ಅಯ್ಯನೋರೆ, ಪ್ರಸಂಗ ಚೆನ್ನಾಗಿತ್ರಿ. ಆದ್ರೆ ಮುಂದಿನ ಬೆಂಚಿನಾಗ ಕುಂತಿದ್ದ ಮುದುಕಿ ಮೊನ್ನಿ ಬುಧವಾರ ಮಗನ್ನ ಮಣ್ಣು ಮಾಡ್ಯಾಳ. ಆಕಿಗೆ ಇವತ್ತು ತಗಂಡು ಹೋಗಾಕ ಏನೂ ಸಿಗಲಿಲ್ಲ ನೋಡ್ರಿ.' ಅಂದೇ ಸಂಜೆ ಅವರ ಜೊತೆ ಆ ಮುದುಕಿಯ ಮನೆಗೆ ಹೋದೆ. ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿಯದೆ ಉಳಿದದ್ದನ್ನು ಆ ಹಮಾಲರು ಮೂರು ವರ್ಷ ನನಗೆ ಕಲಿಸಿದರು. ಈಗ ಅವರಿಲ್ಲ. ಅವರನ್ನು ಮಣ್ಣು ಮಾಡಿದ ಪ್ರಾರ್ಥನೆ ಹೇಳುವಾಗ ನನ್ನ ದನಿ ಎರಡು ಸಲ ನಿಂತುಹೋಯಿತು.

ಸಭಾಪಾಲಕನ ಕೆಲಸ ಅಂದರೆ ಭಾನುವಾರದ ಪ್ರಸಂಗ ಎಂದು ಯುವಕರು ಅಂದುಕೊಂಡಿರುತ್ತಾರೆ. ವಾರದ ಉಳಿದ ಆರು ದಿನ ಅವರ ಕಣ್ಣಿಗೆ ಬೀಳುವುದಿಲ್ಲ. ಮನೆ ಮನೆ ಪ್ರಾರ್ಥನೆ, ವಿಮ್ಸ್ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಹನ್ನೊಂದರವರೆಗೆ ಕೂರುವುದು, ಕುಡಿದು ಬಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡುವುದು, ಸಮಾಧಿ ಜಾಗದ ತಕರಾರಿಗೆ ತಹಸೀಲ್ದಾರರ ಕಚೇರಿಯ ಬೆಂಚು ಕಾಯುವುದು. ದೀಕ್ಷಾಸ್ನಾನ, ಮದುವೆ, ಮಣ್ಣು ಮೂರಕ್ಕೂ ಬೇರೆ ಬೇರೆ ರಿಜಿಸ್ಟರ್ ಬರೆಯಬೇಕು. ಮೇ ತಿಂಗಳ ಬಿಸಿಲಲ್ಲಿ ಮೂರು ಹಳ್ಳಿಗಳಲ್ಲಿ ಆರಾಧನೆ ಮಾಡಿ ನಾಲ್ಕನೆಯದಕ್ಕೆ ಹೊರಟಾಗ ಬೈಕಿನ ಸೀಟು ಸುಡುತ್ತಿರುತ್ತದೆ. ಮಿಜೋರಾಂನಲ್ಲೂ ಒಬ್ಬ ಸಭಾಪಾಲಕನ ಕೈಕೆಳಗೆ ಹಲವು ಸಭೆಗಳು ಇರುತ್ತವೆ. ಅಲ್ಲಿ ಹಿರಿಯರೇ ಹೆಚ್ಚಿನ ಭಾರ ಹೊರುತ್ತಾರೆ.

ದುಡ್ಡಿನ ಮಾತಿಗೆ ಬರೋಣ. ಫಾರಿನ್ ದುಡ್ಡು ಎಂಬ ಮಾತಿನ ಬೇರು ಮಿಷನರಿಗಳ ಕಾಲದಲ್ಲಿದೆ. ಆಗ ಹೊರಗಿನಿಂದ ಹಣ ಬರುತ್ತಿದ್ದುದು ನಿಜ. ಇವತ್ತು ವಿದೇಶಿ ದೇಣಿಗೆ ಪಡೆಯಲು ಸಂಸ್ಥೆ 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿ ಅಥವಾ ಅನುಮತಿ ಪಡೆದಿರಬೇಕು. 2020ರ ತಿದ್ದುಪಡಿಯಾದ ಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಳ್ಳಿಯ ಸಭಾಪಾಲಕನ ಜೇಬಿಗೆ ಬರುವುದು ಸಭೆಯ ಜನ ಕೊಟ್ಟ ಕಾಣಿಕೆಯಿಂದ. ಮಿಜೋರಾಂನಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಮುಷ್ಟಿ ಅಕ್ಕಿ ಬೇರೆ ಇಡುತ್ತಾರೆ. ಅದನ್ನು ಸಭೆಗೆ ತಂದು ಮಾರಿ ಸೇವೆಗೆ ಬಳಸುತ್ತಾರೆ. ಮಗನ ರೂಮಿನ ಹುಡುಗನನ್ನು ಕೇಳಿ ನೋಡಿ, ಅವನ ತಾಯಿಯೂ ಇಟ್ಟಿರುತ್ತಾಳೆ. ನಮ್ಮಲ್ಲಿ ಸುಗ್ಗಿ ಹಬ್ಬದ ಹರಾಜು ಇದೆಯಲ್ಲ, ಅದೂ ಅದೇ ಜಾತಿಯದು. ಸಿರುಗುಪ್ಪದ ಗದ್ದೆಯ ಸೋನಾ ಮಸೂರಿ ಮೂಟೆ, ಒಂದು ಕುಂಬಳಕಾಯಿ, ಒಂದು ಜೊತೆ ನಾಟಿ ಕೋಳಿ. ಐವತ್ತು ರೂಪಾಯಿಯ ಕುಂಬಳಕಾಯಿಯನ್ನು ಐನೂರಕ್ಕೆ ಕೂಗಿದ ಕೂಲಿ ಹೆಣ್ಣುಮಗಳೊಬ್ಬಳ ಮುಖ ನನಗೆ ಇಂದಿಗೂ ನೆನಪಿದೆ. ಆ ಐನೂರರಲ್ಲಿ ನನ್ನ ಮನೆಯ ಬೇಳೆಯೂ ಇತ್ತು.

ಅಂದರೆ ಅಮ್ಮಾ, ಸಂಬಳ ಕಡಿಮೆ. ಮಗ ಈಗ ತರುವುದರ ಪಕ್ಕ ಇಟ್ಟರೆ ತುಂಬಾ ಕಡಿಮೆ. ಮನೆ ಕೊಡುತ್ತಾರೆ, ಅದು ಕ್ವಾರ್ಟರ್ಸ್. ಕೆಲ ವರ್ಷಕ್ಕೊಮ್ಮೆ ವರ್ಗಾವಣೆ. ನಮ್ಮ ಮನೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಎಂಟು ಸಲ ಲಾರಿ ಹತ್ತಿದೆ. ಅದರ ಮೈಮೇಲಿನ ತಗ್ಗುಗಳನ್ನು ತೋರಿಸಿ ನನ್ನಾಕೆ ಇದು ಯಾವ ಊರಿನದು, ಇದು ಯಾವ ಊರಿನದು ಎಂದು ಹೇಳಬಲ್ಲಳು. ನಿವೃತ್ತಿಯ ದಿನ ಹತ್ತಿರ ಬಂದಾಗ ಒಂದು ರಾತ್ರಿ, 'ಈ ಬೀರು ಈಗ ಎಲ್ಲಿಡೋದು?' ಎಂದು ಕೇಳಿದಳು. ನಮಗೆ ಸ್ವಂತ ಮನೆ ಇರಲಿಲ್ಲ. ನನ್ನ ಭವಿಷ್ಯನಿಧಿಯ ಕಂತು ಹದಿನಾಲ್ಕು ತಿಂಗಳು ಕಟ್ಟದೆ ಉಳಿದಿದ್ದೂ ಆಗಲೇ ತಿಳಿದದ್ದು. ಯಾವ ಕಚೇರಿಯ ತಪ್ಪು ಎಂದು ಇಲ್ಲಿ ಬರೆಯುವುದಿಲ್ಲ, ಆಮೇಲೆ ಸರಿಯಾಯಿತು. ಆದರೆ ಮೂವತ್ತು ವರ್ಷ ಆ ಪಾಸ್‌ಬುಕ್ ಬಿಚ್ಚಿ ನೋಡದಿದ್ದ ತಪ್ಪು ನನ್ನದು. ಕೇಳಿದರೆ ಭಕ್ತಿ ಕಡಿಮೆ ಅಂದುಕೊಳ್ಳುತ್ತಾರೆ ಎಂದು ಹೆದರಿದ್ದೆ. ನಿಮ್ಮ ಮಗ ಹಾಗೆ ಹೆದರಬಾರದು.

ಈ ಬಡತನಕ್ಕಿಂತ ದೊಡ್ಡ ಅಪಾಯ ಒಂಟಿತನ. ಎಲ್ಲರ ದುಃಖ ಕೇಳುವವನ ದುಃಖ ಕೇಳಲು ಊರಲ್ಲಿ ಯಾರೂ ಇರುವುದಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳುವಂತಿಲ್ಲ, ಅದು ಬೇರೆಯವರ ಮನೆಯ ಗುಟ್ಟು. ಹಬ್ಬದ ದಿನ ಅಪ್ಪ ಮನೆಯಲ್ಲಿ ಇರುವುದಿಲ್ಲ ಎಂದು ಸಭಾಪಾಲಕರ ಮಕ್ಕಳು ಬೆಳೆಯುತ್ತಾರೆ. ನನ್ನ ಮಗಳು ನಾಲ್ಕು ಶಾಲೆ ಬದಲಿಸಿದಳು. ಒಂದು ಕ್ರಿಸ್‌ಮಸ್ಸಿಗೂ ನಾನು ಅವಳ ಜೊತೆ ಕೂತು ಬೆಳಗಿನ ತಿಂಡಿ ತಿಂದಿಲ್ಲ. ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ನಿನ್ನ ಭಾರ ಇಳಿಸಲು ಒಬ್ಬ ಹಿರಿಯ ಸಭಾಪಾಲಕನನ್ನು ಹುಡುಕಿಕೋ, ವಾರಕ್ಕೊಂದು ದಿನ ಮನೆಗೆ ಇಡು.

ಇನ್ನು ದಾರಿಗಳು. ಮೊದಲನೆಯದನ್ನು ಯಾರೂ ಹೇಳಿರಲಿಕ್ಕಿಲ್ಲ. ಕೆಲಸ ಬಿಡದೆ ಹಿರಿಯನಾಗಿ ಸೇವೆ ಮಾಡುವುದು. ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಹಿರಿಯನಿಗೂ ದೀಕ್ಷೆ ಇದೆ, ಅದು ಕಡಿಮೆ ದರ್ಜೆಯದಲ್ಲ. ನಮ್ಮ ಸಭೆಗಳಲ್ಲೂ ಭಾನುವಾರ ಶಾಲೆ, ಹಳ್ಳಿಯ ಆರಾಧನೆ, ಪ್ರಸಂಗ ಎಲ್ಲಕ್ಕೂ ಜನ ಬೇಕು. ಶಿಫ್ಟ್ ಕೆಲಸದಲ್ಲಿ ಭಾನುವಾರಗಳು ತಪ್ಪುತ್ತವೆ, ಮನಸ್ಸು ಎರಡು ಕಡೆ ಎಳೆಯುತ್ತದೆ. ಆ ಕಷ್ಟ ಇದೆ. ಆದರೂ ಒಂದು ವರ್ಷ ಹೀಗೆ ಮಾಡಿ ನೋಡಿದರೆ ಕರೆ ಗಟ್ಟಿಯೋ ಪೊಳ್ಳೋ ತಾನೇ ಗೊತ್ತಾಗುತ್ತದೆ.

ಎರಡನೆಯದು, ನಿಮ್ಮದೇ ಸಭೆಯ ಮೂಲಕ ಹೋಗುವುದು. ಸಭಾಪಾಲಕರ ಮತ್ತು ಕಮಿಟಿಯ ಶಿಫಾರಸು, ಧರ್ಮಪ್ರಾಂತ್ಯದ ಸಂದರ್ಶನ, ಆಮೇಲೆ ದೇವಜ್ಞಾನದ ಪದವಿ ಕೊಡುವ ಸೆರಾಂಪುರ ಸೆನೆಟ್ಟಿಗೆ ಸೇರಿದ ಕಾಲೇಜಿನಲ್ಲಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ). ಕನ್ನಡ ನಾಡಿನಲ್ಲಿ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇವೆ. ಪದವೀಧರರಿಗೆ ನಾಲ್ಕು ವರ್ಷದ ಓದು. ಮುಗಿದ ಮೇಲೆ ಕೆಲಕಾಲ ಹಿರಿಯ ಸಭಾಪಾಲಕರ ಕೈಕೆಳಗೆ ದುಡಿತ, ಮೊದಲು ಡೀಕನ್ ಎಂಬ ಆರಂಭದ ದೀಕ್ಷೆ, ಆಮೇಲೆ ಪ್ರೆಸ್ಬಿಟರ್. ಧರ್ಮಪ್ರಾಂತ್ಯವೇ ಕಳಿಸಿದರೆ ಖರ್ಚಿನಲ್ಲಿ ನೆರವು ಸಿಗಬಹುದು, ಓದು ಮುಗಿದ ಮೇಲೆ ನೇಮಕದ ದಾರಿಯೂ ಇರುತ್ತದೆ. ಯಾರೂ ಕಳಿಸದೆ ತಾನೇ ಹೋಗಿ ಸೇರಿಕೊಂಡರೆ ಪದವಿ ಕೈಗೆ ಬಂದ ಮೇಲೆ ಸಭೆ ಸಿಗದೆ ಅಲೆಯಬೇಕಾಗುತ್ತದೆ. ಅಂಥ ಹುಡುಗರನ್ನು ಕಂಡಿದ್ದೇನೆ. ವಯಸ್ಸಿನ ಮಿತಿ ಇದೆಯೇ ಎಂಬುದನ್ನು ಈಗಲೇ ಕೇಳಿಬಿಡಿ.

ಮಗ ಹೇಳುವ ಹಾಗೆ ಪ್ರೆಸ್ಬಿಟೇರಿಯನ್ ಸಭೆಗೇ ಹೋಗಬೇಕೆಂದರೆ ಅದು ಮೂರನೆಯ ದಾರಿ. ಭಾರತದ ಪ್ರೆಸ್ಬಿಟೇರಿಯನ್ ಸಭೆಯ ಬೇರು ಈಶಾನ್ಯದಲ್ಲಿದೆ. ವೇಲ್ಸ್‌ನ ಥಾಮಸ್ ಜೋನ್ಸ್ 1841ರಲ್ಲಿ ಚಿರಾಪುಂಜಿಗೆ ಬಂದಾಗಿನಿಂದ ಅದು ಖಾಸಿ ಬೆಟ್ಟಗಳಲ್ಲಿ, ಆಮೇಲೆ ಮಿಜೋ ಬೆಟ್ಟಗಳಲ್ಲಿ ಬೆಳೆಯಿತು. ಅಲ್ಲಿ ಆರಾಧನೆ, ಮೀಟಿಂಗು, ಲೆಕ್ಕಪತ್ರ ಎಲ್ಲ ಅವರ ಭಾಷೆಯಲ್ಲಿ. ಮಗ ಆ ಭಾಷೆ ಕಲಿತು ಅವರಲ್ಲಿ ಒಬ್ಬನಾಗಲು ವರ್ಷಗಳು ಬೇಕು, ನೀವು ಇಲ್ಲಿ ಒಬ್ಬರೇ. ಆಗದು ಎಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನವರಾದ ಲೆಸ್ಲಿ ನ್ಯೂಬಿಗಿನ್ 1936ರಲ್ಲಿ ಎಡಿನ್‌ಬರೋ ಪ್ರೆಸ್ಬಿಟರಿಯಿಂದ ದೀಕ್ಷೆ ಪಡೆದು ಬಂದು ತಮಿಳು ಕಲಿತು ಕಾಂಚೀಪುರದಲ್ಲಿ ಸೇವೆ ಮಾಡಿದರು. ಆ ಪ್ರೆಸ್ಬಿಟೇರಿಯನ್ ಸಭಾಪಾಲಕ 1947ರಲ್ಲಿ ಸಿ.ಎಸ್.ಐ.ನ ಬಿಷಪ್ ಆದರು. 1974ರಲ್ಲಿ ಮದ್ರಾಸಿನಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದವರು, ಎಪ್ಪತ್ತು ದಾಟಿದ ಮೇಲೆ ಬರ್ಮಿಂಗ್‌ಹ್ಯಾಮಿನ ಬಡವರ ಓಣಿಯಲ್ಲಿ ಒಂದು ಸಣ್ಣ ಸಭೆಗೆ ಸಭಾಪಾಲಕರಾದರು. ದೊಡ್ಡ ಪದವಿಯಿಂದ ಇಳಿದು ಬಂದು ಮತ್ತೆ ಬಾಗಿಲು ತಟ್ಟುವ ಕೆಲಸ. ನಿಮ್ಮ ಮಗನಿಗೆ ಅವರ ಹೆಸರು ಹೇಳಿ, ಹುಡುಕಿ ಓದಲಿ. ಪ್ರೆಸ್ಬಿಟೇರಿಯನ್ ಮನಸ್ಸು ಇಟ್ಟುಕೊಂಡೇ ನಮ್ಮ ಸಭೆಯಲ್ಲಿ ಸೇವೆ ಮಾಡಬಹುದು ಎಂಬುದು ಅವನಿಗೆ ತಿಳಿಯುತ್ತದೆ.

ಇನ್ನೊಂದು ದಾರಿಯನ್ನು ಯಾರಾದರೂ ತೋರಿಸಬಹುದು. ಆರು ತಿಂಗಳ ಅಂಚೆ ಕೋರ್ಸು, ಕೈಗೊಂದು ಸರ್ಟಿಫಿಕೇಟು, ಬಾಡಿಗೆ ಮನೆಯಲ್ಲಿ ಸ್ವಂತ ಸಭೆ. ಇದಕ್ಕೆ ಮಾತ್ರ ನನ್ನ ಸ್ಪಷ್ಟ ಉತ್ತರ ಬೇಡ. ಹಾಗೆ ಶುರು ಮಾಡಿದವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಆದರೆ ಲೆಕ್ಕ ಕೇಳುವ ಹಿರಿಯರಿಲ್ಲ, ತಿದ್ದುವ ಪ್ರೆಸ್ಬಿಟರಿ ಇಲ್ಲ, ಜನರ ಕಾಣಿಕೆ ತನ್ನ ಹೆಸರಿನ ಖಾತೆಗೇ ಬರುತ್ತದೆ. ಎಳೆಯ ವಯಸ್ಸಿನವನಿಗೆ ಅದು ಹೊರಲಾಗದ ಭಾರ. ಕಾನೂನಿನ ತೊಡಕೂ ಉಂಟು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಅಧಿಕಾರ ಇಲ್ಲದವರು ಕ್ರೈಸ್ತರ ಮದುವೆ ಮಾಡಿಸಿದರೆ ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಮದುವೆಯಾದ ಜೋಡಿಯೂ ಆಮೇಲೆ ದಾಖಲೆಗೆ ಅಲೆಯಬೇಕಾಗುತ್ತದೆ.

ನೀವು ಅಡ್ಡ ಬಂದರೆ ಪಾಪವೇ ಎಂದು ಕೇಳಿದ್ದೀರಿ. ಇಲ್ಲ ತಾಯಿ. ನೀವು ಕೇಳುವ ಪ್ರಶ್ನೆಗಳೂ ಆ ಕರೆಯನ್ನು ಪರೀಕ್ಷಿಸುವ ಕೆಲಸದ ಭಾಗ. ತಾಯಿಯ ಪ್ರಶ್ನೆಗೆ ನಿಲ್ಲದ ಕರೆ ಸಭೆಯ ಮುಂದೆಯೂ ನಿಲ್ಲುವುದಿಲ್ಲ. ಆದರೆ ಅಳು, ಉಪವಾಸ, 'ನಿಮ್ಮಪ್ಪ ಇದ್ದಿದ್ದರೆ' ಎನ್ನುವ ಮಾತು ಬೇಡ. ಆ ಹೆದರಿಕೆಯಿಂದ ಉಳಿದವನು ಕಾರ್ಖಾನೆಯಲ್ಲೂ ನೆಮ್ಮದಿಯಾಗಿ ಇರುವುದಿಲ್ಲ.

ಮುಂದಿನ ರಜೆಗೆ ಬಂದಾಗ ಬ್ಯಾಂಕಿನ ಸಾಲದ ಪುಸ್ತಕ ಮುಂದಿಟ್ಟುಕೊಂಡೇ ಕೂರಿ, ಮಗಳನ್ನೂ ಕೂರಿಸಿ. ಆರು ವರ್ಷದ ಸಾಲವನ್ನು ಅವನು ಈಗಿನ ಸಂಬಳದಲ್ಲಿ ಹೆಚ್ಚು ಕಟ್ಟಿ ಎರಡು ಮೂರು ವರ್ಷಕ್ಕೆ ಇಳಿಸಬಹುದೇ, ಮಗಳಿಗೆ ಕೆಲಸ ಸಿಕ್ಕ ಮೇಲೆ ಉಳಿದದ್ದನ್ನು ನೀವಿಬ್ಬರೂ ಹೊರಬಹುದೇ ಎಂದು ಕಾಗದದ ಮೇಲೆ ಬರೆಯಿರಿ. ಆ ಎರಡು ಮೂರು ವರ್ಷ ಅವನು ಕೆಲಸದಲ್ಲಿದ್ದುಕೊಂಡೇ ನಿಮ್ಮ ಸಭಾಪಾಲಕರ ಜೊತೆ ರಜೆ ಸಿಕ್ಕಾಗಲೆಲ್ಲ ಹಳ್ಳಿ ತಿರುಗಲಿ, ಒಂದು ಮಣ್ಣು ಮಾಡುವ ದಿನ, ಒಂದು ಆಸ್ಪತ್ರೆಯ ರಾತ್ರಿ, ಒಂದು ಕಮಿಟಿಯ ಜಗಳ ಕಣ್ಣಾರೆ ನೋಡಲಿ. ಆಮೇಲೂ ಅವನು ಅದೇ ಮಾತು ಹೇಳಿದರೆ, ಸಭೆಯ ಹಿರಿಯರೂ ಹೌದು ಅಂದರೆ, ಶಿಫಾರಸು ಪತ್ರ ಬರೆಯಿಸಲು ಅವನ ಜೊತೆ ನೀವೇ ಹೋಗಿ. ಅದಕ್ಕೂ ಮುಂಚೆ, ಈ ಸಲದ ಸುಗ್ಗಿ ಹಬ್ಬಕ್ಕೆ ಅವನನ್ನೂ ಆ ಮಿಜೋ ಹುಡುಗನನ್ನೂ ನಮ್ಮ ಮನೆಗೆ ಊಟಕ್ಕೆ ಕಳಿಸಿಕೊಡಿ. ಬೀರುವಿನ ತಗ್ಗುಗಳನ್ನು ನನ್ನಾಕೆ ಅವರಿಗೂ ತೋರಿಸುತ್ತಾಳೆ.